ಕೂದಲೆಳೆಯಷ್ಟು ಬರಿಮೈ

ನಾನು ಒಂದು ಚಿಪ್. ಹೆಸರುಕಾಳಿಗಿಂತ ತುಸು ದೊಡ್ಡ ಮೈ, ಎಂಟು ಕಾಲು. ಕಾರ್ಖಾನೆಯಲ್ಲಿ ನನ್ನನ್ನು ಹಸಿರು ಸರ್ಕ್ಯೂಟ್ ಹಲಗೆಗೆ ಬೆಸೆದ ದಿನ ಒಬ್ಬಾಕೆ ನಮ್ಮೆಲ್ಲರ ಮೇಲೆ ಕುಂಚದಿಂದ ತೆಳುವಾದ ಲೇಪ ಬಳಿದಳು. ತೇವ, ಧೂಳು ಮುಟ್ಟದಂತೆ ಕಾಯುವ ಅಂಗಿ ಅದು. ಹೊಳೆಯುವ ಹೊಸ ಅಂಗಿ ತೊಟ್ಟು ನನಗೆ ಹಿಗ್ಗೋ ಹಿಗ್ಗು. ಮೂರನೆಯ ಕಾಲಿನ ಬುಡದಲ್ಲಿ ಒಂದು ಗಾಳಿಗುಳ್ಳೆ ಉಳಿದದ್ದು ಅವಳಿಗೂ ಕಾಣಲಿಲ್ಲ, ನನಗೂ ತಿಳಿಯಲಿಲ್ಲ.

ಹಾಲು ಪರೀಕ್ಷಿಸುವ ಯಂತ್ರದೊಳಗೆ ಕೂತು ತುಮಕೂರು ಸೀಮೆಯ ಒಂದು ಮಹಿಳಾ ಡೈರಿಗೆ ಬಂದೆ. ಹಾಲಿನಿಂದ ಬರುವ ಸಣ್ಣ ಸಂಕೇತವನ್ನು ದೊಡ್ಡದು ಮಾಡಿ ಮುಂದೆ ಕೊಡುವುದು ನನ್ನ ಕೆಲಸ. ಕೊಬ್ಬು ಎಷ್ಟು, ಬೆರೆಸಿದ ನೀರು ಎಷ್ಟು ಎಂದು ಪರದೆಯ ಮೇಲೆ ಅಂಕಿ ಮೂಡುತ್ತಿತ್ತು. ಐವತ್ತು ಮನೆಯ ಹೆಂಗಸರು ಆ ಅಂಕಿಗೆ ಕಾಯುತ್ತಿದ್ದರು. ನನ್ನ ಮಾತಿಗೆ ಎಷ್ಟು ಬೆಲೆ!

ಮೂರನೆಯ ವರ್ಷ ಸಣ್ಣೀರಮ್ಮನ ಹಾಲಿಗೆ ‘ನೀರು ನೂರಕ್ಕೆ ಹನ್ನೆರಡು’ ಎಂದು ಬಂತು. ಡೈರಿಯ ಹಿಂದೆಯೇ ಅವಳ ಮನೆ. ಸಾಲಿನಲ್ಲಿ ಯಾವಾಗಲೂ ಅವಳೇ ಮೊದಲು. ಮರುದಿನವೂ ಹಾಗೆಯೇ. ಮೂರನೆಯ ದಿನ ಕಾರ್ಯದರ್ಶಿ ಶಿವಗಂಗಮ್ಮ ಹಾಲನ್ನು ವಾಪಸು ಕೊಟ್ಟಳು.

“ನಾಳೆನೂ ಹಿಂಗೇ ಬಂದ್ರೆ ಸಂಘದಿಂದ ಹೆಸ್ರು ತೆಗೀಬೇಕಾಯ್ತದೆ ಕಣಕ್ಕ. ಮಿಷನ್ ಸುಳ್ಳು ಹೇಳ್ತದಾ?”

ಸಾಲಿನಲ್ಲಿದ್ದವರು ನೆಲ ನೋಡಿದರು.

ನಾಲ್ಕನೆಯ ಬೆಳಗ್ಗೆ ಸಣ್ಣೀರಮ್ಮ ಹಾಲು ತರಲಿಲ್ಲ, ಹಸುವನ್ನೇ ಹಿಡಿದುಕೊಂಡು ಬಂದಳು. ಡೈರಿಯ ಬಾಗಿಲಿಗೆ ಕಟ್ಟಿ, ಸೆರಗು ಸಿಕ್ಕಿಸಿ, ಕುಕ್ಕರುಗಾಲಲ್ಲಿ ಕೂತಳು.

“ಚೊಂಬು ನೀನೇ ಕೊಡು ಶಿವಗಂಗಮ್ಮ. ನಂದಾದ್ರೆ ಅದ್ರಲ್ಲೂ ನೀರೈತೆ ಅಂತೀರ.”

ಎಲ್ಲರೂ ಸುತ್ತುಗಟ್ಟಿದರು. ಚೊಂಬಿನಲ್ಲಿ ನೊರೆ ಏರಿತು. ಈ ಸಲ ಸರಿಯಾಗಿ ಹೇಳಲೇಬೇಕು ಎಂದು ಎಂಟೂ ಕಾಲೂರಿ ನಿಂತೆ. ಅಂಕಿ ಮೂಡಿತು: ನೀರು ಹದಿಮೂರು.

“ಈಗ ಹೇಳು. ಕೆಚ್ಚಲಿಗೇ ನೀರ್ ಹೊಯ್ದವ್ಳೆ ಅಂತೀಯಾ?” ಎಂದಳು ಸಣ್ಣೀರಮ್ಮ.

ಯಾರೋ ನಕ್ಕರು. ಶಿವಗಂಗಮ್ಮ ನಗಲಿಲ್ಲ. ಉಳಿದವರ ಹಾಲನ್ನೆಲ್ಲ ನೋಡಿದಳು, ಎಲ್ಲವೂ ಸರಿ. ಕೊನೆಗೆ ಅದೇ ಚೊಂಬಿನ ಹಾಲನ್ನು ಮತ್ತೊಮ್ಮೆ ಇಟ್ಟಳು. ಸೊನ್ನೆ! ಅವಳು ರಿಪೇರಿಯವರಿಗೆ ಫೋನ್ ಮಾಡಿದಳು.

ಮಧ್ಯಾಹ್ನದ ಬಸ್ಸಿಗೆ ರಿಪೇರಿಯ ತಸ್ಲೀಮಾ ಬಂದಳು. ಯಂತ್ರ ಬಿಚ್ಚಿ, ಭೂತಗನ್ನಡಿ ಹಿಡಿದು ನನ್ನ ಕಾಲುಗಳನ್ನು ಒಂದೊಂದಾಗಿ ನೋಡಿದಳು.

“ಮಿಷನ್ ಹಾಕೋ ಮುಂಚೆ ಇಲ್ಲೇ ಬಿಸಿನೀರಲ್ಲಿ ಕ್ಯಾನ್ ತೊಳೀತೀರಾ ಅಕ್ಕಾ?”

“ಹೂಂ ಕಣವ್ವ, ಈ ಮೇಜಿನ ಪಕ್ಕದಾಗೇ.”

“ಇಲ್ಲಿ ಲೇಪ ಹಿಡಿದಿಲ್ಲ ನೋಡಿ. ಆವಿ ನುಗ್ಗಿ ಎರಡು ಕಾಲಿನ ನಡುವೆ ಕರೆಂಟು ಸೋರುತ್ತೆ. ಮಿಷನ್ ಬಿಸಿಯಾದ್ಮೇಲೆ ತೇವ ಆರಿ ಸರಿಹೋಗುತ್ತೆ. ಮೊದಲು ಬಂದೋರಿಗೆ ಮಾತ್ರ ಅನ್ಯಾಯ.”

ಕೂದಲೆಳೆಯಷ್ಟು ಬರಿಮೈ! ಅದಕ್ಕೆ ಒಬ್ಬ ಹೆಂಗಸಿನ ಮಾನ ಹೋಗುವುದರಲ್ಲಿತ್ತು. ತಸ್ಲೀಮಾ ಸ್ಪಿರಿಟಿನಿಂದ ಒರೆಸಿ, ಒಣಗಿಸಿ, ಹೊಸ ಲೇಪ ಬಳಿದಾಗ ನಾನು ಕಚಗುಳಿಯಿಂದ ಪುಳಕಗೊಂಡೆ.

ಮರುದಿನ ಮೊದಲ ಹಾಲಿಗೇ ಸೊನ್ನೆ ತೋರಿಸಿದೆ. ಕುಣಿಯುವುದೊಂದು ಬಾಕಿ! ಶಿವಗಂಗಮ್ಮ ಎಲ್ಲರೆದುರು ಎದ್ದು ನಿಂತಳು.

“ತಪ್ಪಾಯ್ತು ಕಣಕ್ಕ.”

“ಅದಿರ್ಲಿ, ಹಾಲು ಅಳೆ. ಹಸ ಮೇಯೋಕ್ ಬಿಡ್ಬೇಕು,” ಎಂದಳು ಸಣ್ಣೀರಮ್ಮ. ಆದರೆ ಆ ಸೊನ್ನೆಯನ್ನು ಎರಡು ಸಲ ಓದಿಸಿಕೊಂಡೇ ಹೋದಳು.

ಆಮೇಲೆ ಆರು ವರ್ಷ ದುಡಿದೆ. ಹೊಸ ಯಂತ್ರ ಬಂದ ಮೇಲೆ ತಸ್ಲೀಮಾಳ ಅಂಗಡಿಯ ಗೂಡು ಸೇರಿದೆ. ತಪ್ಪಿಲ್ಲದವನು ಎಂದು ಈಗ ಬೀಗುವುದಿಲ್ಲ. ತಪ್ಪನ್ನು ಹುಡುಕಿದವರ ನಡುವೆ ಬದುಕಿದೆನಲ್ಲ, ಆ ಹಿಗ್ಗು ಸಾಕು. ಆ ಡೈರಿಗೆ ಹೋಗಿ ಬಂದಾಗಲೆಲ್ಲ ತಸ್ಲೀಮಾ ಸುದ್ದಿ ತರುತ್ತಾಳೆ: ಅಲ್ಲಿ ದಿನವೂ ಯಂತ್ರಕ್ಕೆ ಮೊದಲು ಇಡುವುದು ಶಿವಗಂಗಮ್ಮನ ಮನೆಯ ಹಾಲಂತೆ. ಸಣ್ಣೀರಮ್ಮ ಎರಡನೆಯವಳಾಗಿ ನಿಂತು, ತಡವಾಯಿತೆಂದು ಗೊಣಗುತ್ತಾಳಂತೆ.