ಹಾಳೆಯ ಕೊನೆಯ ಸಾಲು

ವ್ರಾತ್ಸಾ ಪಟ್ಟಣದಲ್ಲಿ ಯಾರಾದರೂ ತೀರಿಕೊಂಡರೆ ಸಂಜೆಯೊಳಗೆ ಮನೆಬಾಗಿಲಲ್ಲಿ, ಬಸ್ ನಿಲ್ದಾಣದಲ್ಲಿ, ಬ್ರೆಡ್ ಅಂಗಡಿಯ ಕಂಬದಲ್ಲಿ ಸಾವಿನ ಹಾಳೆ ಅಂಟಿರುತ್ತದೆ. ಮೇಲೆ ಫೋಟೊ, ನಡುವೆ ಹೆಸರು, ವಯಸ್ಸು, ಮಣ್ಣು ಮಾಡುವ ಹೊತ್ತು. ಕೊನೆಗೆ ದುಃಖದಲ್ಲಿರುವವರ ಹೆಸರುಗಳು. ಜನ ಫೋಟೊ ನೋಡಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಆಮೇಲೆ ಕೆಳಗಿನ ಹೆಸರುಗಳನ್ನು ನಿಧಾನವಾಗಿ ಓದುತ್ತಾರೆ. ಯಾರನ್ನು ಬಿಟ್ಟಿದ್ದಾರೆ ಎಂಬುದೇ ಅವರಿಗೆ ಬೇಕಾದ ಸುದ್ದಿ.

ಈ ಹಾಳೆಯನ್ನು ಫೋನಿನಲ್ಲೇ ತಯಾರಿಸುವ ಆ್ಯಪ್ ಬರೆದವನು ಸ್ವಿಲೆನ್ ಗಾತೆವ್. ಅಕ್ಷರಗಳನ್ನು ಚಿತ್ರವಾಗಿ ಮೂಡಿಸಲು ಅವನು ಬಳಸಿದ್ದ ಸಿದ್ಧ ಕೋಡ್ ತುಣುಕುಗಳು, ಅಂದರೆ ಫಂಕ್ಷನ್‌ಗಳು ಹಳತಾಗಿವೆ, ಬದಲಾಯಿಸಿ ಎಂಬ ಹಳದಿ ಎಚ್ಚರಿಕೆ ವರ್ಷಗಳಿಂದ ಅವನ ಪರದೆಯ ಮೇಲೆ ಬರುತ್ತಲೇ ಇತ್ತು.

"ಇನ್ನೂ ಬದಲಾಯಿಸಿಲ್ವೇನೋ?" ಎಂದು ಪಾಲುದಾರ ಕಾಲಿನ್ ಛೇಡಿಸಿದ. "ಹೊಸ ಫೋನ್ ಬರ್ಲಿ, ನಮ್ಮ ಹೆಣಗಳಿಗೆಲ್ಲ ಹೆಸರೇ ಇರಲ್ಲ."

"ಮಾಡ್ತೀನಿ ಕಣೋ. ನಮ್ಮ ಗಿರಾಕಿಗಳಿಗೇನು ಅವಸರ?"

ಕೊನೆಗೂ ಮಾಡಿದ. ಹಳೆಯ ಫಂಕ್ಷನ್‌ಗಳನ್ನೆಲ್ಲ ತೆಗೆದು ಹೊಸವನ್ನು ಹಾಕಿದ, ಎರಡು ಚಿಕ್ಕ ಹೆಸರುಗಳನ್ನು ಬರೆದು ಪರೀಕ್ಷಿಸಿದ, ಬಿಡುಗಡೆ ಮಾಡಿದ. ಅದೇ ವಾರ ಅವನ ತಂದೆ ಕ್ರಾಸ್ತಾನ್ ತೀರಿಕೊಂಡರು.

ಆರು ವರ್ಷಗಳ ಹಿಂದೆ ಕಿರಿಯ ಮಗ ಅಸೆನ್ ಮೊದಲ ಹೆಂಡತಿಯನ್ನು ಬಿಟ್ಟು ತ್ಸೊಂಕಾಳನ್ನು ಮದುವೆಯಾದಾಗ, "ನೀನು ನನ್ನ ಮಗನೇ ಅಲ್ಲ" ಎಂದು ಊಟದ ಮೇಜಿನಲ್ಲಿ ಹೇಳಿದ್ದು ಕ್ರಾಸ್ತಾನ್ ಅವರೇ. ಆಸ್ಪತ್ರೆಯಲ್ಲಿ "ಅಸೆನ್‌ನ ಕರಿ" ಎಂದವರೂ ಅವರೇ. ಆದರೆ ಸ್ವಿಲೆನ್ ಫೋನ್ ಮಾಡುವಷ್ಟರಲ್ಲಿ ಉಸಿರು ನಿಂತಿತ್ತು.

"ಬರ್ತೀನಿ ಅಣ್ಣ," ಎಂದ ಅಸೆನ್, ಲೋಮ್ ಊರಿನಿಂದ. "ಆದ್ರೆ ಹಾಳೆ ಮೇಲೆ ನನ್ನ ಹೆಸರಿರ್ಬೇಕು. ತ್ಸೊಂಕಾದೂ ಇರ್ಬೇಕು. ಊರೆಲ್ಲ ಓದ್ಲಿ."

"ಇರುತ್ತೆ. ನಾನೇ ಬರೀತೀನಿ."

ಶವಾಗಾರದ ಬೆಂಚಿನ ಮೇಲೆ ಕೂತು ಸ್ವಿಲೆನ್ ಬರೆದ: ಪತ್ನಿ ವೆಲಿಕಾ, ಮಗ ಸ್ವಿಲೆನ್, ಸೊಸೆ, ಮೊಮ್ಮಕ್ಕಳು; ಕೊನೆಯ ಸಾಲಿನಲ್ಲಿ ಮಗ ಅಸೆನ್, ಸೊಸೆ ತ್ಸೊಂಕಾ, ಮೊಮ್ಮಕ್ಕಳು. ತಯಾರಾದ ಹಾಳೆ ಪರದೆಯ ಮೇಲೆ ಬಂದಾಗ ಅವನ ಕಣ್ಣು ಅಪ್ಪನ ಫೋಟೊ ಬಿಟ್ಟು ಕೆಳಗಿಳಿಯಲಿಲ್ಲ. ಅದನ್ನು ಮುದ್ರಣದಂಗಡಿಯ ಗಿಂಕಾಳಿಗೆ ಕಳಿಸಿದ. ಮುದ್ರಿಸಿ ಅಂಟಿಸುವುದು ಅವಳ ಕೆಲಸ.

ಮರುದಿನ ಬೆಳಿಗ್ಗೆ ಲೋಮ್ ಬಸ್ಸಿಗೆ ಕಾಯಲು ಸ್ವಿಲೆನ್ ನಿಲ್ದಾಣಕ್ಕೆ ಹೋದಾಗ ಬಸ್ಸು ಬಂದಾಗಿತ್ತು. ಅಸೆನ್ ಹಾಳೆ ಅಂಟಿಸಿದ್ದ ಕಂಬದ ಮುಂದೆ ನಿಂತಿದ್ದ. ತ್ಸೊಂಕಾಳ ಕೈಯಲ್ಲಿ ಬಿಳಿ ಸೇವಂತಿಗೆಗಳಿದ್ದವು.

"ಎಲ್ಲಿದೆ ಅಣ್ಣ?"

ಸ್ವಿಲೆನ್ ಓದಿದ. ಹೆಸರುಗಳು ತನ್ನ ಮಕ್ಕಳೊಂದಿಗೆ ಮುಗಿದಿದ್ದವು. ಅದರ ಕೆಳಗೆ ಕಪ್ಪು ಚೌಕಟ್ಟು.

ಆಗಿದ್ದೇನೆಂದು ಅವನಿಗೆ ಅಲ್ಲೇ ಹೊಳೆಯಿತು. ಬರಹಕ್ಕೆ ಎಷ್ಟು ಎತ್ತರ ಬೇಕೆಂದು ಕೇಳಿದರೆ ಹಳೆಯ ಫಂಕ್ಷನ್ ಪೂರ್ಣ ಸಂಖ್ಯೆಯನ್ನೇ ಹೇಳುತ್ತಿತ್ತು. ಹೊಸದು ದಶಾಂಶ ಸಮೇತ ಹೇಳುತ್ತದೆ. ಅವನ ಕೋಡ್ ಆ ದಶಾಂಶವನ್ನು ಕಿತ್ತೆಸೆದು ಜಾಗ ಅಳೆದಿತ್ತು. ಕೂದಲೆಳೆಯಷ್ಟು ಜಾಗ ಕಡಿಮೆಯಾದರೂ ಹೊಸ ಫಂಕ್ಷನ್ ಕೊನೆಯ ಸಾಲನ್ನು ಮೂಡಿಸುವುದೇ ಇಲ್ಲ. ಬಿಟ್ಟಿದ್ದೇನೆ ಎಂದು ಹೇಳುವುದೂ ಇಲ್ಲ.

"ಆ್ಯಪ್ ನುಂಗಿಬಿಟ್ಟಿದೆ ಕಣೋ. ನಾನು ಬರೆದಿದ್ದೆ, ದೇವರಾಣೆ."

"ಆ್ಯಪ್ ಯಾರದು?"

"ನಂದು."

"ನಿನ್ನ ಹೆಸರು ನುಂಗ್ಲಿಲ್ವಲ್ಲ."

ಸ್ವಿಲೆನ್ ಫೋನ್ ತೆಗೆದು ತಾನು ಬರೆದ ಸಾಲನ್ನು ತೋರಿಸಿದ.

"ಇದನ್ನ ಈಗ ಬರ್ತಾ ದಾರೀಲಿ ಸೇರಿಸಿಲ್ಲ ಅಂತ ಹೇಗೆ ನಂಬ್ಲಿ?" ಎಂದ ಅಸೆನ್. "ಬೇರೆ ಯಾರಾದ್ರೂ ಯಂತ್ರ ಕೆಟ್ಟಿತ್ತು ಅಂದಿದ್ರೆ ನಂಬ್ತಿದ್ದೆ. ನೀನು ಹೇಳ್ಬೇಡ."

"ಅಮ್ಮ ಕಾಯ್ತಿದ್ದಾಳೆ ಕಣೋ. ಅವಳ ಮುಖ ನೋಡಿಯಾದ್ರೂ ಬಾ."

"ಅಮ್ಮನ ಪಕ್ಕ ನಿಂತ್ಕೊಂಡು ಏನು ಮಾಡ್ಲಿ? ಬಂದೋರೆಲ್ಲ ಈ ಹಾಳೆ ಓದ್ಕೊಂಡೇ ಬಂದಿರ್ತಾರೆ."

ತ್ಸೊಂಕಾ ಹೂಗಳನ್ನು ಬೆಂಚಿನ ಮೇಲಿಟ್ಟಳು. ಅದೇ ಬಸ್ಸಿನಲ್ಲಿ ಅವರು ಹಿಂದಿರುಗಿದರು.

ಗಿಂಕಾಳ ಬಳಿ ಸ್ವಿಲೆನ್ ಕೂಗಾಡಿದ. "ನೋಡ್ಬಾರದಿತ್ತಾ ಅಕ್ಕ?"

"ನೋಡ್ದೆನಪ್ಪ. ಆರು ವರ್ಷದಿಂದ ಇಲ್ದಿರೋ ಮಗ, ಬೇಕಂತ್ಲೇ ಬಿಟ್ಟಿರ್ತೀರಿ ಅಂದ್ಕೊಂಡೆ. ಬೇರೆಯವರ ಮನೆ ವಿಷಯ ನಾನ್ಯಾಕೆ ಕೇಳ್ಲಿ?"

ಮಣ್ಣು ಅಸೆನ್ ಇಲ್ಲದೆ ಆಯಿತು. ಮಾರನೆಯ ದಿನ ಸ್ವಿಲೆನ್ ಕಚೇರಿಯಲ್ಲಿ ಕೂತು, ದಶಾಂಶ ಬಂದರೆ ಮೇಲಿನ ಪೂರ್ಣ ಸಂಖ್ಯೆಗೆ ಏರಿಸುವಂತೆ ಕೋಡ್ ತಿದ್ದಿದ. ಒಂದೇ ಪದ ಸೇರಿಸಬೇಕಿತ್ತು. ಕಾಲಿನ್ ಹಿಂದೆ ನಿಂತು ನೋಡಿದ. ಈ ಸಲ ತಮಾಷೆ ಮಾಡಲಿಲ್ಲ.

ಸರಿಯಾದ ಹಾಳೆಯನ್ನು ಮತ್ತೆ ಅಂಟಿಸಲು ಹೋದಾಗ ಗಿಂಕಾ ತಡೆದಳು. "ಈಗ ಅಂಟಿಸಿದ್ರೆ ಜನ ಏನಂತಾರೆ ಗೊತ್ತಾ? ಅವನು ಬಂದು ಜಗಳ ಮಾಡ್ದ, ಅದಕ್ಕೇ ಸೇರಿಸಿದ್ರು ಅಂತಾರೆ." ಅವನು ಅಂಟಿಸಿದ. ಜನ ಹಾಗೆಯೇ ಅಂದರು.

ಅಸೆನ್‌ಗೆ ಫೋನ್ ಮಾಡುತ್ತಲೇ ಇದ್ದ. ಯಾರೂ ಎತ್ತಲಿಲ್ಲ.

ಸತ್ತ ನಲವತ್ತನೆಯ ದಿನದ ಪ್ರಾರ್ಥನೆಗೂ ಅಲ್ಲಿ ಹಾಳೆ ಅಂಟಿಸುತ್ತಾರೆ; ಅದನ್ನು ಸ್ವಿಲೆನ್ ಅಕ್ಷರ ಅಕ್ಷರ ಪರೀಕ್ಷಿಸಿ ಅಂಟಿಸಿದ. ತಮ್ಮನ ಹೆಸರನ್ನು ತನ್ನ ಹೆಸರಿಗಿಂತ ಮೊದಲು ಹಾಕಿದ್ದ. ಮರುದಿನ ತಾಯಿಯನ್ನು ಪ್ರಾರ್ಥನೆಗೆ ಕರೆದುಕೊಂಡು ಕೆಳಗಿಳಿದಾಗ ಹೊರಬಾಗಿಲ ಮೇಲೆ, ತನ್ನ ಹಾಳೆಯ ಪಕ್ಕದಲ್ಲಿ, ಮತ್ತೊಂದು ಹಾಳೆ ಇತ್ತು. ಅದೇ ಅಪ್ಪ, ಬೇರೆ ಫೋಟೊ; ಮೀನು ಹಿಡಿಯುವಾಗ ತೆಗೆದದ್ದು. ಕೆಳಗೆ ಒಂದೇ ಸಾಲು: ಮಗ ಅಸೆನ್, ಸೊಸೆ ತ್ಸೊಂಕಾ, ಮೊಮ್ಮಕ್ಕಳು.

ವೆಲಿಕಾ ಕನ್ನಡಕ ಹಾಕಿಕೊಂಡು ಎರಡನ್ನೂ ಓದಿದಳು.

"ಎರಡು ಯಾಕೋ?" ಎಂದಳು. "ಸತ್ತಿದ್ದು ನಿಮ್ಮಪ್ಪ ಒಬ್ರೇ ಅಲ್ವಾ?"

ಹಿಂದೆ ನೆರೆಯವರು ಓದಲು ಕಾಯುತ್ತಿದ್ದರು. ಸ್ವಿಲೆನ್ ತಾಯಿಯ ತೋಳು ಹಿಡಿದು ಅವರಿಗೆ ದಾರಿ ಬಿಟ್ಟ.