ವರ್ನಾಳ ಬೀಳ್ಕೊಡುಗೆ ಕೇಕು

ಮಕ್ಕಳಿಗೆ ಫ್ಲೂ ಸೂಜಿ ಹಾಕುವ ಕಾಲ. ಅಕ್ಟೋಬರಿನ ಒಂದು ಬೆಳಿಗ್ಗೆ, ಗುಡ್ಡದ ಮಂಜು ಇನ್ನೂ ಕರಗಿರಲಿಲ್ಲ, ಆಗ ಇದು ಶುರುವಾದದ್ದು.

ಕೆಂಟಕಿಯ ಆ ಸಣ್ಣ ಊರಿಗೆ ಮಕ್ಕಳ ಡಾಕ್ಟರೆಂದರೆ ಹಾಲಿಸ್ ಪ್ರೂಯಿಟ್ ಒಬ್ಬರೇ. ವರ್ನಾ ಟ್ಯಾಕೆಟ್ ಅವರ ಬಳಿ ನರ್ಸಾಗಿ ಸೇರಿದ್ದು ತಲೆ ನರೆಯುವ ಮೊದಲು. ಆಮೇಲೆ ಕೆಲಸ ಮುಗಿಸಿ, ಗಂಡನಿಗೆ ಬಡಿಸಿ, ಅಡುಗೆಮನೆಯ ಮೇಜಿನ ಮೇಲೇ ಓದಿ ನರ್ಸ್ ಪ್ರಾಕ್ಟೀಷನರ್ ಆದಳು. ಈಗ ಅವಳೇ ಮಗುವಿನ ಎದೆ ಕೇಳಿ, ಕಾಯಿಲೆ ಗುರುತಿಸಿ, ಮದ್ದು ಬರೆದುಕೊಡುತ್ತಿದ್ದಳು. ಡಾಕ್ಟರು ಚರ್ಚಿನಲ್ಲಿ ಎಲ್ಲರೆದುರು ಹೊಗಳಿದರು. ಸಂಬಳ ಮಾತ್ರ ಹಳೇ ನರ್ಸಿನದೇ. ಲೆಕ್ಸಿಂಗ್ಟನ್ನಿನ ದೊಡ್ಡಾಸ್ಪತ್ರೆಯವರು ಎರಡರಷ್ಟು ಕೊಡುತ್ತೇವೆ ಬಾ ಎಂದಿದ್ದರು. ಹುಟ್ಟಿದಂದಿನಿಂದ ತಾನೇ ತೂಗಿದ ಕೂಸುಗಳನ್ನು ಬಿಟ್ಟು ಹೋಗಲು ವರ್ನಾಳಿಗೆ ಮನಸ್ಸಿಲ್ಲ. ಬಾಯಿಬಿಟ್ಟು ಸಂಬಳ ಕೇಳಲು ನಾಲಿಗೆಯಿಲ್ಲ.

ಡಾಕ್ಟರ ಕ್ಲಿನಿಕ್ಕಿನಲ್ಲಿ ಯಾರೇ ಕೆಲಸ ಬಿಟ್ಟರೂ ಅವರ ಹೆಸರು ಬರೆದ ಕೇಕು ತರುವುದು ವಾಡಿಕೆ. ಯಾರ ಮಾತನ್ನೂ ಪೂರ್ತಿ ಕೇಳದ ಡಾಕ್ಟರಿಗೆ ಸುದ್ದಿ ತಿಳಿಯುತ್ತಿದ್ದುದೇ ಕೇಕಿನಿಂದ. ಅಂದು ಬೆಳಿಗ್ಗೆ, ಮುಂಬಾಗಿಲ ಮೇಜಿನ ಹಿಂದೆ ಕೂತು ಬಂದವರ ಹೆಸರು ಬರೆದುಕೊಳ್ಳುವ ಡ್ರೀಮಾ ವರ್ನಾಳ ಕಿವಿಗೆ ಬಾಯಿಟ್ಟಳು.

"ಫ್ರಿಜ್ಜಲ್ಲಿ ಕೇಕ್ ತಂದಿಟ್ಟಿದೀನಿ ಕಣೇ. ನೀಲಿ ಕ್ರೀಮಲ್ಲಿ 'ಹೋಗಿ ಬಾ ವರ್ನಾ' ಅಂತ."

"ಹಾಳಾದೋಳೇ, ನಾನ್ ಹೋಗ್ತೀನಿ ಅಂದೋರ್ಯಾರು?"

"ಯಾರೂ ಅನ್ನೋದ್ ಬೇಡ. ಡಾಕ್ಟ್ರು ನೋಡ್ಲಿ, ಎದೆ ಧಸಕ್ಕನ್ಲಿ. ಸಂಜೆಯೊಳಗೆ ಸಂಬಳ ಏರ್ಸ್ದೇ ಇದ್ರೆ ನನ್ ಮೂಗು ಕೊಯ್ಸ್ಕೋತೀನಿ."

ಮಧ್ಯಾಹ್ನ ಮಜ್ಜಿಗೆಗೆಂದು ಫ್ರಿಜ್ಜು ತೆರೆದ ಡಾಕ್ಟರು ಓಡೋಡಿ ಬಂದರು. ವರ್ನಾ ಒಂದು ಹುಡುಗಿಯ ಕಿವಿ ನೋಡುತ್ತಿದ್ದಳು.

"ವರ್ನಾ! ಎಲ್ಲಿಗೆ?"

ಅವಳಿಗೆ ಸುಳ್ಳು ಬರದು. "ಲೆಕ್ಸಿಂಗ್ಟನ್ನೋರು ಕರೀತಿದಾರೆ. ಎರಡರಷ್ಟು ಕೊಡ್ತಾರಂತೆ."

"ದುಡ್ಡೇ ಎಲ್ಲಾ ಅಲ್ಲ ಕಣಮ್ಮಾ. ನಾವಿಲ್ಲಿ ಒಂದೇ ಮನೆಯೋರು."

"ಹಂಗಾದ್ರೆ ಮನೆಯೋರ ಪಾಲು ಕೊಡಿ ಡಾಕ್ಟ್ರೇ."

ಡಾಕ್ಟರು ಗಲ್ಲ ಕೆರೆದುಕೊಂಡರು. ಮುಖ ಅರಳಿತು. "ಬಾಗಿಲ ಪಕ್ಕದಲ್ಲೇ ನಿನ್ ಕಾರಿಗೆ ಜಾಗ! ನಿನ್ ಹೆಸರಿನ ಬೋರ್ಡು! ದೊಡ್ಡಕ್ಷರದಲ್ಲಿ!"

ಹುಡುಗಿಯ ತಾಯಿ ಕಿಸಕ್ಕನೆ ನಕ್ಕಳು. "ಬೋರ್ಡನ್ನ ಹುರ್ಕೊಂಡ್ ತಿನ್ನೋದಾ ಡಾಕ್ಟ್ರೇ, ಬೇಯ್ಸ್ಕೊಂಡಾ?"

ಕೊಡಲಾರೆ ಎಂದಿದ್ದರೆ ವರ್ನಾ ಸುಮ್ಮನಾಗುತ್ತಿದ್ದಳೋ ಏನೋ. ಆ ಮನುಷ್ಯ ದೊಡ್ಡದೇನೋ ಕೊಟ್ಟವರಂತೆ ಎದುರು ನಿಂತು ಕಾದದ್ದನ್ನು ಕಂಡು ಅವಳ ಮನಸ್ಸು ಗಟ್ಟಿಯಾಯಿತು.

"ಆ ಜಾಗದಲ್ಲಿ ಹೊಸಬ್ರು ನಿಲ್ಲಿಸ್ಲಿ ಡಾಕ್ಟ್ರೇ. ನಾನ್ ಹೋಗ್ತೀನಿ."

ಸಂಜೆ ಎಲ್ಲರೂ ಕೇಕು ತಿಂದರು. ಡಾಕ್ಟರು ಎರಡು ತುಂಡು ತಿಂದರು. ಡ್ರೀಮಾ ಮಾತ್ರ ತಟ್ಟೆ ಹಿಡಿದು ಗೊಳೋ ಅಂದಳು. "ನಿನ್ನ ಉಳಿಸ್ಕೊಳ್ಳೋಕೆ ಹೋಗಿ ನಾನೇ ಅಟ್ಟಿದೆನಲ್ಲೇ!"

"ಅಳಬೇಡ್ವೇ, ಕೊಯ್ಯೋಕೆ ಮೂಗು ಉಳೀಬೇಕು," ಎಂದು ವರ್ನಾ ಅವಳ ಕಣ್ಣೊರೆಸಿದಳು.

ಆ ಮೇಲೆ ದಿನವೂ ತಾಯಂದಿರು ಫೋನು ಮಾಡಿ ಕೇಳುತ್ತಿದ್ದುದು ಒಂದೇ: ಲೆಕ್ಸಿಂಗ್ಟನ್ನಿಗೆ ಎಷ್ಟು ಹೊತ್ತಿನ ದಾರಿ? ಡ್ರೀಮಾ ದಾರಿ ಹೇಳಿ ಹೇಳಿ ಅದನ್ನು ಬಾಯಿಪಾಠ ಮಾಡಿದಳು.

ವರ್ನಾ ಹೊರಟದ್ದು ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಬುಧವಾರ. ಲೆಕ್ಸಿಂಗ್ಟನ್ನಿನ ಆಸ್ಪತ್ರೆಯ ಮುಂಬಾಗಿಲಲ್ಲೂ ಒಂದು ಕುರ್ಚಿ ಖಾಲಿಯಿದೆಯೆಂದು ತಿಳಿದು, ಡ್ರೀಮಾ ಹಬ್ಬ ಕಳೆದ ಸೋಮವಾರ ಹೊರಟಳು.