ಇಂಜಿನಿಯರಿಗೆ ಕಾಣದ ಬಿರುಕು

ಊಟದ ಬಿಡುವಿನಲ್ಲಿ ಮಕ್ಕಳೆಲ್ಲ ಅಂಗಳದಲ್ಲಿದ್ದರು. ಅಷ್ಟರಲ್ಲಿ ಮೂರನೇ ತರಗತಿಯ ಚಾವಣಿಯಿಂದ ದೊಡ್ಡದೊಂದು ಗಾರೆಯ ಚಕ್ಕೆ ಕಳಚಿ ಕಿಟಕಿ ಪಕ್ಕದ ಬೆಂಚಿನ ಮೇಲೆ ದಢಾರನೆ ಬಿತ್ತು. ಸದ್ದು ಕೇಳಿ ಓಡಿ ಬಂದ ಟೀಚರ್ ಬಾಗಿಲಲ್ಲೇ ನಿಂತುಬಿಟ್ಟರು. ಯಾರೋ ಬಿಟ್ಟು ಹೋಗಿದ್ದ ನೀರಿನ ಬಾಟಲಿ ಅಪ್ಪಚ್ಚಿಯಾಗಿತ್ತು.

ಇಂಥದ್ದು ನಿಮ್ಮೂರ ಶಾಲೆಯಲ್ಲೂ ಆಗಿರಬಹುದು. ಆದಾಗ ನಾವೆಲ್ಲ ಏನು ಮಾಡುತ್ತೇವೆ? "ಸದ್ಯ, ಮಕ್ಕಳು ಒಳಗಿರಲಿಲ್ಲ" ಎಂದು ನಿಟ್ಟುಸಿರು ಬಿಡುತ್ತೇವೆ. ಧೂಳು ಗುಡಿಸುತ್ತೇವೆ. ಆಮೇಲೆ ಗಾರೆ ಕೆಲಸದವರಿಗೆ ಹೇಳಿ ಕಳಿಸುತ್ತೇವೆ. ಇಲ್ಲೂ ಅಷ್ಟೇ ಆಯಿತು.

ಕರೆಸಿದ ಗಾರೆ ಕೆಲಸದವನು ಊರಿಗೆಲ್ಲ ಗಾರೆಯಣ್ಣ. ತಲೆ ಪೂರ್ತಿ ಬೆಳ್ಳಗಾಗಿದ್ದರೂ ಏಣಿ ಹತ್ತಿದನೆಂದರೆ ಹುಡುಗರು ನಾಚಬೇಕು. ಅವನು ಕರಣೆಯಾಡಿಸಿದ ಮೇಲೆ ಗೋಡೆ ಎಲ್ಲಿ ಒಡೆದಿತ್ತೆಂದು ಅವನೇ ಹುಡುಕಿದರೂ ಸಿಗುತ್ತಿರಲಿಲ್ಲ. ಮಿಕ್ಕ ಕಡೆ ಕೂಲಿಗಾಗಿ ಗಂಟಲು ಹರಿದುಕೊಳ್ಳುತ್ತಿದ್ದ ಮನುಷ್ಯ ಶಾಲೆಯ ಕೆಲಸಕ್ಕೆ ಮಾತ್ರ ಕಾಸು ಮುಟ್ಟುತ್ತಿರಲಿಲ್ಲ. "ನಾನು ಓದಿದ ಶಾಲೆ ಇದು. ಓದಿದ್ದು ಅಷ್ಟಕ್ಕಷ್ಟೇ, ಗೋಡೆನಾದ್ರೂ ನೆಟ್ಟಗಿರ್ಲಿ" ಎನ್ನುತ್ತಿದ್ದ. ಈಗ ಅವನ ಮಗಳ ಮಗಳು, ಎಲ್ಲರೂ ಗುಬ್ಬಿ ಎಂದು ಕರೆಯುವ ಹುಡುಗಿ, ಅದೇ ಮೂರನೇ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದಳು.

ಸಂಜೆಯೊಳಗೆ ಗಾರೆಯಣ್ಣ ಚಾವಣಿಗೆ ತೇಪೆ ಹಾಕಿ ಮುಗಿಸಿದ. ಕೆಳಗಿಳಿದು ಕೈ ಒರೆಸಿಕೊಳ್ಳುತ್ತಿದ್ದಾಗ ಶಾಲೆಯ ಹಿರಿಯ ಮೇಡಂ ಬಂದರು. ಮುಖದಲ್ಲಿ ಗಾಬರಿಯಿತ್ತು.

"ಗಾರೆಯಣ್ಣ, ಗುರುವಾರ ಸರ್ಕಾರದ ಇಂಜಿನಿಯರ್ ಬರ್ತಿದಾರೆ. ಸುತ್ತಮುತ್ತಲ ಎಲ್ಲಾ ಶಾಲೆ ಕಟ್ಟಡ ನೋಡ್ತಾರಂತೆ. ಇದು ಬಿದ್ದಿದ್ದು ಗೊತ್ತಾದ್ರೆ, ಇಷ್ಟು ದಿನ ಏನ್ ಮಾಡ್ತಿದ್ರಿ ಅಂತ ನನ್ನನ್ನೇ ಕೇಳ್ತಾರೇನೋ. ಉಳಿದ ಬಿರುಕುಗಳನ್ನೂ ಮುಚ್ಚಿ ಒಂದು ಕೈ ಬಣ್ಣ ಹೊಡೆದುಬಿಡ್ತೀರಾ?"

"ಅದಕ್ಯಾಕೆ ಇಷ್ಟೊಂದು ಯೋಚ್ನೆ ಮೇಡಂ? ಹೋದ ಸಲ ಇಂಜಿನಿಯರ್ ಬಂದಾಗಲೂ ನಾನೇ ತಾನೇ ಮಾಡಿದ್ದು? ಗುರುವಾರ ನೋಡಿ, ಶಾಲೆ ಮದುಮಗಳ ಹಾಗೆ ಮಿಂಚ್ತಿರತ್ತೆ."

ಮಾರನೇ ದಿನವಿಡೀ ಅವನು ಬೆವರು ಸುರಿಸಿದ. ಹಿಂದಿನ ಗೋಡೆಯಲ್ಲಿ ಅಂಗೈ ತೂರುವಷ್ಟು ಅಗಲದ ಬಿರುಕಿತ್ತು. ಅದರೊಳಗೆ ಇಟ್ಟಿಗೆ ಚೂರು ತುರುಕಿ, ಸಿಮೆಂಟು ಮೆತ್ತಿ, ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ನುಣುಪು ಮಾಡಿದ. ಅದರ ಮೇಲೆ ತಿಳಿ ಹಳದಿ ಬಣ್ಣ. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿ ಹೊಗಳಿದರು. ಗಾರೆಯಣ್ಣನಿಗೆ ಎದೆಯುಬ್ಬಿತು.

ಸಂಜೆ ಮನೆಗೆ ಬಂದರೆ ಅಲ್ಲಿ ಅವನಿಗಿಂತ ಬಹಳ ಚಿಕ್ಕವಳಾದ ಕೊನೆಯ ತಂಗಿ ಕೂತಿದ್ದಳು. ಅವಳು ಟೈಲರ್. ಕುತ್ತಿಗೆಯಲ್ಲಿ ಅಳತೆಪಟ್ಟಿ ಸದಾ ನೇತಾಡುತ್ತಲೇ ಇರುತ್ತದೆ. ಮಲಗುವಾಗಲಾದರೂ ತೆಗೆಯುತ್ತಾಳೋ ಇಲ್ಲವೋ ಎಂದು ಅತ್ತಿಗೆ ಚೇಷ್ಟೆ ಮಾಡುವುದುಂಟು. ಮಗನನ್ನು ಅದೇ ಶಾಲೆಗೆ ಸೇರಿಸಿದ ಮೇಲೆ ಅವಳು ಶಾಲೆಯ ಪೋಷಕರ ಸಮಿತಿಯಲ್ಲೂ ಇದ್ದಳು.

"ಅಣ್ಣ, ಶಾಲೆ ನೋಡ್ಕೊಂಡೇ ಬಂದೆ. ಏನ್ ಮಾಡಿದೀಯ ಗೊತ್ತಾ ನೀನು?"

"ಗೊತ್ತಿಲ್ದೆ ಏನು? ಊರೆಲ್ಲ ಹೊಗಳ್ತಿದೆ."

"ಊರು ಹೊಗಳ್ಲಿ. ಪಕ್ಕದೂರಿನ ಶಾಲೆ ಹೋದ ವರ್ಷ ಹೊಸದಾಯ್ತಲ್ಲ, ನಮಗ್ಯಾಕೆ ಆಗ್ಲಿಲ್ಲ ಅಂತ ಕೇಳೋಕೆ ಮೊನ್ನೆ ಶಿಕ್ಷಣ ಕಚೇರಿಗೆ ಹೋಗಿದ್ದೆ. 'ನಿಮ್ಮ ಶಾಲೆ ಚೆನ್ನಾಗಿದೆಯಲ್ಲಮ್ಮ, ಇಂಜಿನಿಯರ್ ನೋಡಿ ಹಾಗಂತಲೇ ಬರೆದಿದಾರೆ' ಅಂದ್ರು. ಅವರು ಬರೋ ಹಿಂದಿನ ದಿನ ನಮ್ಮಣ್ಣನೇ ಬಿರುಕೆಲ್ಲ ಮುಚ್ಚಿದ್ದ ಅಂತ ಹೇಳ್ಲಾ?"

ಗಾರೆಯಣ್ಣನ ಹೆಂಡತಿ ಚಹಾ ತಂದಿಟ್ಟು ಅಲ್ಲೇ ಗೋಡೆಗೊರಗಿ ನಿಂತಳು.

"ಮತ್ತೇನು, ಬಂದವರ ಮುಂದೆ ನಮ್ಮ ಶಾಲೆ ಮಾನ ಹರಾಜು ಹಾಕ್ಬೇಕಿತ್ತಾ?" ಗಾರೆಯಣ್ಣ ಸಿಡುಕಿದ.

"ಬಂದವರು ನೆಂಟರಲ್ಲ ಅಣ್ಣ! ಎಲ್ಲಿ ಕೆಟ್ಟಿದೆ ಅಂತ ನೋಡೋಕೇ ಬರೋದು ಅವರು. ಡಾಕ್ಟರ್ ಹತ್ರ ಹೋದಾಗ ಗಾಯಕ್ಕೆ ಪೌಡರ್ ಹಚ್ಕೊಂಡು ಹೋಗ್ತೀಯಾ?"

ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಗಾರೆಯಣ್ಣ ಅವಳತ್ತ ಕಣ್ಣು ಬಿಟ್ಟ.

ತಂಗಿ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡಳು. "ಕೇಳು. ಶಾಲೆ ಕಟ್ಟಡಕ್ಕೆ ಅಂತ ಸರ್ಕಾರ ಹಣ ಎತ್ತಿಟ್ಟಿರತ್ತೆ. ರಿಪೇರಿಗೆ ಬೇರೆ, ಕೆಡವಿ ಹೊಸದಾಗಿ ಕಟ್ಟೋಕೆ ಬೇರೆ. ಯಾವ ಶಾಲೆಗೆ ಮೊದಲು ಕೊಡ್ಬೇಕು ಅನ್ನೋದು ಇಂಜಿನಿಯರ್ ಬರೆಯೋದರ ಮೇಲೆ ನಿಂತಿದೆ. ಮಕ್ಕಳಿಗೆ ಅಪಾಯ ಇರೋ ಕೋಣೆಗೆ ಮೊದಲ ಪಾಳಿ. ನಾವು ಅಪಾಯಾನೇ ಮುಚ್ಚಿಟ್ರೆ ಅವರಿಗೆ ಕನಸು ಬೀಳತ್ತಾ?"

"ಸರ್ಕಾರದ ದುಡ್ಡು ನಮ್ಮ ಬಾಗಿಲಿಗೆ ಬರೋ ಹೊತ್ತಿಗೆ ಗುಬ್ಬಿಗೆ ಮೊಮ್ಮಕ್ಕಳಾಗಿರ್ತಾರೆ."

"ಕೇಳ್ದೇ ಇದ್ರೆ ಅವಳ ಮೊಮ್ಮಕ್ಕಳ ಕಾಲಕ್ಕೂ ಬರಲ್ಲ."

"ಹಾಳಾಗಿದೆ ಅಂತ ಬರೆದು ಬೀಗ ಹಾಕ್ಬಿಟ್ರೆ? ಕೆಡವಿ ಹಾಗೇ ಬಿಟ್ಟು ಹೋದ್ರೆ? ಇರೋ ಶಾಲೆನೂ ಹೋಗಿ ಮಕ್ಕಳು ಬೀದಿಗೆ ಬರ್ತಾವೆ. ಅದನ್ನ ಯೋಚ್ನೆ ಮಾಡಿದೀಯಾ?"

ಅವನ ಭಯ ಸುಳ್ಳಲ್ಲ, ಎಷ್ಟೋ ತಂದೆತಾಯಿಗಳಿಗೆ ಇದೇ ಭಯ. ತಂಗಿಯೂ ಈ ಮಾತಿಗೆ ನಗಲಿಲ್ಲ.

"ಅದಕ್ಕೇ ಸಮಿತಿ ಇರೋದು. ಅಪಾಯದ ಕೋಣೆ ಇದ್ರೆ ಮಕ್ಕಳಿಗೆ ಬೇರೆ ಕಡೆ ಪಾಠದ ವ್ಯವಸ್ಥೆ ಮಾಡಿ ಅಂತ ನಾವು ಬರೆದು ಕೊಡ್ತೀವಿ. ಹಣ ಮಂಜೂರಾಗೋ ಮುಂಚೆ ಒಂದು ಇಟ್ಟಿಗೇನೂ ಕೀಳೋದು ಬೇಡ ಅಂತ್ಲೂ ಬರೆಯೋಣ. ಎಷ್ಟು ಹಣ ಬಂತು, ಯಾವುದಕ್ಕೆ ಖರ್ಚಾಯ್ತು ಅಂತ ಆಮೇಲೆ ಯಾರು ಬೇಕಾದ್ರೂ ಕೇಳ್ಬಹುದು." ಕೊನೆಗೆ ಅವಳು ಕೇಳಿದಳು: "ಅಣ್ಣ, ನಾನೂ ದಿನಾ ತೇಪೆ ಹಾಕೋಳೇ. ಬಟ್ಟೆನೇ ಪಿಸಿದು ಹೋಗಿದ್ರೆ ದಾರ ನಿಲ್ಲಲ್ಲ. ನಿಜ ಹೇಳು, ಆ ಚಾವಣಿ ಒಳಗೆ ಕಂಬಿ ಹೇಗಿತ್ತು?"

ಗಾರೆಯಣ್ಣ ಚಹಾದ ಲೋಟ ಕೈಗೆತ್ತಿಕೊಂಡ. ಆ ಕಂಬಿಗಳನ್ನು ಅವನು ಕೈಯಾರೆ ಮುಟ್ಟಿ ನೋಡಿದ್ದ. ತುಕ್ಕು ತಿಂದು ತಿಂದು, ಉಗುರಿನಿಂದ ಕೆರೆದರೆ ಪದರ ಪದರವಾಗಿ ಉದುರುತ್ತಿದ್ದವು. ಅದನ್ನು ಯಾರಿಗೂ ಹೇಳಿರಲಿಲ್ಲ.

"ಹಳೇ ಕಟ್ಟಡ ಅಂದ್ಮೇಲೆ ಇರೋ ಹಾಗೆ ಇತ್ತು" ಎಂದು ಮಾತು ತೇಲಿಸಿ ಎದ್ದು ಹೋದ.

ಗುರುವಾರ ಬೆಳಿಗ್ಗೆ ಗುಬ್ಬಿಯ ಕೈ ಹಿಡಿದು ಗಾರೆಯಣ್ಣ ಶಾಲೆಗೆ ಹೊರಟ. ಹುಡುಗಿ ದಾರಿಯುದ್ದಕ್ಕೂ ಬಾಯಿಗೆ ಬಿಡುವು ಕೊಡಲಿಲ್ಲ.

"ಅಜ್ಜ, ನಾನೀಗ ಮುಂದಿನ ಬೆಂಚಲ್ಲಿ ಕೂರಲ್ಲ. ಕಿಟಕಿ ಹತ್ರ ಕೂರ್ತೀನಿ."

ಗಾರೆಯಣ್ಣನ ಹೆಜ್ಜೆ ನಿಧಾನವಾಯಿತು. "ಯಾವ ಕಿಟಕಿ ಹತ್ರ?"

"ಅದೇ, ಮೇಲಿಂದ ಬಿತ್ತಲ್ಲ, ಅಲ್ಲೇ. ಅಲ್ಲಿ ಕೂರೋಕೆ ಎಲ್ರೂ ಹೆದರ್ತಿದ್ರು. ನಮ್ಮಜ್ಜ ಮಾಡಿರೋದು ಬೀಳೋದೇ ಇಲ್ಲ ಅಂತ ನಾನು ಹೇಳ್ದೆ. ಹೇಳಿ ನಾನೇ ಹೋಗಿ ಕೂತೆ. ಆಮೇಲೆ ಇನ್ನೂ ಮೂರು ಜನ ಬಂದ್ರು. ಜಾಗ ಸಾಲದೆ ಜಗಳ ಬೇರೆ!"

ಅವಳು ಹೆಮ್ಮೆಯಿಂದ ಮುಖ ಎತ್ತಿ ನೋಡಿದಳು. ಶಾಲೆಯ ಗೇಟು ಬಂದದ್ದೇ ತಡ, ಅವಳು ಕೈ ಬಿಡಿಸಿಕೊಂಡು ಒಳಗೆ ಓಡಿದಳು.

ಅವನು ಮನೆಗೆ ಹಿಂತಿರುಗಲಿಲ್ಲ. ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತ. ಒಳಗಿನಿಂದ ಮಕ್ಕಳು ಒಟ್ಟಾಗಿ ಮಗ್ಗಿ ಹೇಳುವುದು ಕೇಳುತ್ತಿತ್ತು. ಅದರಲ್ಲಿ ಗುಬ್ಬಿಯ ದನಿ ಯಾವುದು ಎಂದು ಕಿವಿಗೊಟ್ಟು ಹುಡುಕಿದ.

ಇಂಜಿನಿಯರ್ ಬಂದರು. ಪಾಪ, ಅವರಿಗೆ ಆ ದಿನ ಇನ್ನೂ ಬೇಕಾದಷ್ಟು ಶಾಲೆಗಳಿದ್ದವು. ಮೇಡಂ ಮುಂದೆ, ಅವರ ಹಿಂದೆ ತಂಗಿ ಮತ್ತು ಸಮಿತಿಯವರು. ಇಂಜಿನಿಯರ್ ಕೋಣೆಯಿಂದ ಕೋಣೆಗೆ ಹೋದರು, ಗೋಡೆ ಮುಟ್ಟಿದರು, ತಲೆಯೆತ್ತಿ ನೋಡಿದರು. ಮೂರನೇ ತರಗತಿಯ ಬಾಗಿಲಲ್ಲಿ ನಿಂತು, "ಪರವಾಗಿಲ್ಲ, ಚೆನ್ನಾಗಿ ಇಟ್ಕೊಂಡಿದೀರ" ಎಂದರು. ತಂಗಿ, "ಸರ್, ಹಾಗಲ್ಲ, ಇದೆಲ್ಲ ಮೊನ್ನೆ…" ಎಂದು ಶುರು ಮಾಡಿದಳು.

ಅಷ್ಟರಲ್ಲಿ ಗಾರೆಯಣ್ಣ, ಹಿಂದಿನ ದಿನ ಕೆಲಸ ಮುಗಿಸಿ ಶಾಲೆಯಲ್ಲೇ ಬಿಟ್ಟಿದ್ದ ಏಣಿ, ಉಳಿ, ಸುತ್ತಿಗೆ ಹೊತ್ತುಕೊಂಡು ಬಂದ.

"ಮಕ್ಕಳನ್ನ ಹೊರಗೆ ಕಳಿಸಿ ಮೇಡಂ" ಎಂದ.

"ಈಗ್ಯಾಕೆ ಗಾರೆಯಣ್ಣ? ಸಾಹೇಬ್ರು ಚೆನ್ನಾಗಿದೆ ಅಂದ್ರಲ್ಲ."

"ಚೆನ್ನಾಗಿಲ್ಲ ಮೇಡಂ. ಚೆನ್ನಾಗಿ ಕಾಣೋ ಹಾಗೆ ಮಾಡಿದ್ದು ನಾನು. ದಯವಿಟ್ಟು ಕಳಿಸಿ."

ಮಕ್ಕಳು ಹೊರಗೆ ಹೋಗಿ ಕಿಟಕಿಯಲ್ಲಿ ತಲೆಗಳನ್ನು ತೂರಿಸಿದರು. "ದೂರ ಹೋಗ್ರೋ" ಎಂದು ತಂಗಿ ಅವರನ್ನು ಅಂಗಳದಾಚೆಗೆ ಅಟ್ಟಿದಳು. ಗಾರೆಯಣ್ಣ ಏಣಿ ಹತ್ತಿ, ತನ್ನದೇ ತೇಪೆಗೆ ಉಳಿ ಇಟ್ಟು ಸುತ್ತಿಗೆಯಿಂದ ಬಡಿದ. ಬಾಳಿಡೀ ಮಾಡಿದ ಕೆಲಸದಲ್ಲಿ ತಾನು ಮಾಡಿದ್ದನ್ನು ತಾನೇ ಒಡೆದದ್ದು ಅದೇ ಮೊದಲು. ಗಾರೆ ತಟತಟನೆ ಉದುರಿತು. ಒಳಗೆ ಕಂಬಿ ಇರಬೇಕಾದ ಕಡೆ ಕೆಂಪು ಪುಡಿ ಇತ್ತು.

ಇಂಜಿನಿಯರ್ ಏಣಿ ಹತ್ತಿ ಕಂಬಿ ಮುಟ್ಟಿದರು. ಅದರ ತುಂಡು ಅವರ ಕೈಗೇ ಬಂತು. "ಇದು ಹೇಗೆ ನಿಂತಿದೆ?" ಎಂದು ತಮಗೆ ತಾವೇ ಎಂಬಂತೆ ಕೇಳಿದರು.

"ಹಿಂದಿನ ಗೋಡೆ ಇನ್ನೂ ಕಷ್ಟದಲ್ಲಿದೆ ಸರ್" ಎಂದ ಗಾರೆಯಣ್ಣ. "ಬನ್ನಿ, ಅದನ್ನೂ ಕೆರೆದು ತೋರಿಸ್ತೀನಿ."

ಅರ್ಧ ದಿನದಲ್ಲಿ ಹಳದಿ ಬಣ್ಣದ ಶಾಲೆ ನೋಡುವ ಹಾಗಿರಲಿಲ್ಲ. ಮೇಡಂ ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದರು. ಇಂಜಿನಿಯರ್ ಅವರನ್ನು ಬೈಯಲಿಲ್ಲ. "ಮೇಡಂ, ನೀವು ತೋರಿಸಿದ್ರೆ ತಾನೇ ನಾನು ಬರೆಯೋದು? ಹೋದ ಸಲ ನಾನೂ ತಟ್ಟಿ ನೋಡ್ಬೇಕಿತ್ತು" ಎಂದಷ್ಟೇ ಹೇಳಿದರು. ಎರಡು ಕೋಣೆ ಕೆಡವಿ ಕಟ್ಟಬೇಕು, ಉಳಿದವು ರಿಪೇರಿ ಎಂದು ಬರೆದುಕೊಂಡರು. ಮೂರನೇ ತರಗತಿಗೂ ಹಿಂದಿನ ಗೋಡೆಯ ಕೋಣೆಗೂ ಆ ಗಳಿಗೆಯಿಂದಲೇ ಬೀಗ ಬಿತ್ತು.

ಸಂಜೆ ಗುಬ್ಬಿ ಅಜ್ಜನ ಜೊತೆ ಮನೆಗೆ ಹೊರಟಳು. ದಾರಿಯಲ್ಲಿ ಕೇಳಿದಳು: "ಅಜ್ಜ, ಹಾಗಾದ್ರೆ ಅದು ಬೀಳ್ತಿತ್ತಾ?"

"ಬೀಳ್ತಿತ್ತು ಮಗಳೇ. ಅಜ್ಜನ ಕೈಲಿ ಅದನ್ನ ನಿಲ್ಲಿಸೋಕೆ ಆಗ್ತಿರ್ಲಿಲ್ಲ. ಮೊದಲೇ ಹೇಳ್ಬೇಕಿತ್ತು, ಹೇಳ್ಲಿಲ್ಲ. ತಪ್ಪಾಯ್ತು."

ಹಣ ಮರುದಿನವೇ ಬಂದುಬಿಟ್ಟಿತು ಎಂದರೆ ಸುಳ್ಳಾಗುತ್ತದೆ. ಊರಿನ ಗ್ರಂಥಾಲಯದಲ್ಲಿ ಮಕ್ಕಳಿಗೆ ಪಾಠ ನಡೆಯಿತು. ತಂಗಿ ಹೊಲಿಗೆ ಬಿಟ್ಟು ಎಷ್ಟು ಸಲ ಶಿಕ್ಷಣ ಕಚೇರಿಗೆ ಅಲೆದಳೋ! "ನಮ್ಮದು ಎಲ್ಲಿಗೆ ಬಂತು?" ಎಂದು ಕೇಳುವುದು, "ಆಗತ್ತಮ್ಮ" ಎನ್ನಿಸಿಕೊಂಡು ಬರುವುದು. ಆಮೇಲಾಮೇಲೆ ಗಾರೆಯಣ್ಣನೂ ಜೊತೆಗೆ ಹೋಗತೊಡಗಿದ. ಕೊನೆಗೆ ಅಲ್ಲಿನ ಅಧಿಕಾರಿಯೇ, "ಅಜ್ಜಾ, ನೀವು ಬರೋದು ಬೇಡ, ಮಂಜೂರಾಗಿದೆ" ಎಂದು ಫೋನು ಮಾಡಿ ಹೇಳಿದರು.

ಹಳೆಯ ಕೋಣೆಗಳನ್ನು ಕೆಡವುವ ದಿನ ಊರಿನವರೆಲ್ಲ ನೋಡಲು ಬಂದರು. ಮಕ್ಕಳನ್ನು ಗೇಟಿನಾಚೆ ನಿಲ್ಲಿಸಿದ್ದರು. ಮೂರನೇ ತರಗತಿಯ ಗೋಡೆಗೆ ಕೆಲಸದವನೊಬ್ಬ ಹಾರೆಯಿಂದ ಒಂದು ಏಟು ಹಾಕಿದ. ಎರಡನೇ ಏಟಿಗೆಂದು ಹಾರೆ ಎತ್ತಿದ್ದಷ್ಟೇ, ಅದು ಬೇಕಾಗಲಿಲ್ಲ. ಇಡೀ ಚಾವಣಿ ಒಮ್ಮೆಗೇ ಕುಸಿದು ಒಳಗೆ ಬಿತ್ತು. ಕೆಲಸದವನು ಹಾರೆ ಬಿಸಾಡಿ ಹಿಂದಕ್ಕೆ ಓಡಿದ.

ಗಾರೆಯಣ್ಣ ಜನರ ನಡುವೆ ನುಗ್ಗಿಕೊಂಡು ಗೇಟಿನ ಹತ್ತಿರ ಬಂದು ಗುಬ್ಬಿಯ ಕೈ ಹಿಡಿದುಕೊಂಡ.

"ಅಜ್ಜ, ಕೈ ನೋಯ್ತಿದೆ" ಎಂದಳು ಗುಬ್ಬಿ.

ಅವನು ಹಿಡಿತ ಸಡಿಲಿಸಿದ, ಕೈ ಮಾತ್ರ ಬಿಡಲಿಲ್ಲ.

ಈಗ ಆ ಜಾಗದಲ್ಲಿ ಹೊಸ ಕೋಣೆಗಳಿವೆ. ಕಟ್ಟುವಾಗ ಗಾರೆಯಣ್ಣ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಿದ್ದ. ಸಿಮೆಂಟು ಕಡಿಮೆಯಾದರೆ ಕೆಲಸದವರಿಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು. ಊರಿನಲ್ಲಿ ಯಾರಾದರೂ ಅವನ ಕೈಚಳಕವನ್ನು ಹೊಗಳಿದರೆ ಅವನು ಥಟ್ಟನೆ ಮಾತು ಬದಲಿಸುತ್ತಾನೆ. "ನಿಮ್ಮ ಮಗು ಯಾವ ಶಾಲೆ? ಅಲ್ಲಿ ಚಾವಣಿ ಹೇಗಿದೆ?" ಎಂದು ಕೇಳುತ್ತಾನೆ.

ಅವನು ಕೇಳುವುದನ್ನೇ ನಾವೂ ನಿಮ್ಮನ್ನು ಕೇಳುತ್ತಿದ್ದೇವೆ. ನಾಳೆ ಮಗುವನ್ನು ಶಾಲೆಗೆ ಬಿಡಲು ಹೋದಾಗ ಗೇಟಿನಿಂದಲೇ ಹಿಂತಿರುಗಬೇಡಿ. ತರಗತಿಯ ಒಳಗೆ ಹೋಗಿ ಒಮ್ಮೆ ತಲೆಯೆತ್ತಿ ನೋಡಿ. ಬಿರುಕು, ಸೋರಿದ ಗುರುತು, ತುಕ್ಕು ಹಿಡಿದ ಕಂಬಿ ಕಂಡರೆ ಫೋಟೊ ತೆಗೆದು ಶಿಕ್ಷಕರಿಗೂ ಪೋಷಕರ ಸಮಿತಿಗೂ ತೋರಿಸಿ. ದುರಸ್ತಿಗೋ ಹೊಸ ಕಟ್ಟಡಕ್ಕೋ ಹಣ ಬೇಕೆಂದು ಬರವಣಿಗೆಯಲ್ಲಿ ಕೇಳಿ, ಸಿಗುವ ತನಕ ಕೇಳುತ್ತಲೇ ಇರಿ. ಅದು ನೀವು ಕಟ್ಟಿದ ತೆರಿಗೆಯ ಹಣ, ಕೇಳಲು ಸಂಕೋಚ ಬೇಡ. ಪರಿಶೀಲನೆಗೆ ಬಂದವರ ಮುಂದೆ ನಿಮ್ಮ ಶಾಲೆಯನ್ನು ಇದ್ದ ಹಾಗೆಯೇ ತೋರಿಸಿ. ಕಿಟಕಿ ಪಕ್ಕದ ಬೆಂಚಿನಲ್ಲಿ ಇವತ್ತು ಯಾರ ಮಗು ಕೂತಿದೆಯೋ ನಮಗೆ ಗೊತ್ತಿಲ್ಲ. ನಿಮ್ಮದೇ ಇರಬಹುದು.